ಫೋಲೇಟ್ ಚಯಾಪಚಯದ ಆನುವಂಶಿಕ ವ್ಯತ್ಯಾಸಗಳು ಮತ್ತು ದೊಡ್ಡಕರುಳಿನ ಕ್ಯಾನ್ಸರ್

ಫೋಲೇಟ್ ಚಯಾಪಚಯದ ಆನುವಂಶಿಕ ವ್ಯತ್ಯಾಸಗಳು ಎಂದರೆ, ಆಹಾರದಿಂದ ದೊರೆಯುವ ಫೋಲೇಟ್ (ಜೀವಸತ್ವ ಬಿ9) ಅನ್ನು ದೇಹವು ಬಳಸಿಕೊಳ್ಳಲು ನೆರವಾಗುವ ಕಿಣ್ವಗಳ ವಂಶವಾಹಿಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಂಡುಬರುವ ಸಣ್ಣ ಭೇದಗಳು. ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಎಂಟಿಎಚ್‌ಎಫ್‌ಆರ್ ವಂಶವಾಹಿಯ 677ನೆಯ ಸ್ಥಾನದ ಭೇದ. ಈ ಭೇದವು ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ಬರುವ ಸಾಧ್ಯತೆಯನ್ನು ಅಲ್ಪ ಪ್ರಮಾಣದಲ್ಲಿ ಬದಲಿಸುತ್ತದೆ. ಆ ಬದಲಾವಣೆ ಹೆಚ್ಚಳವೋ ಇಳಿಕೆಯೋ ಎಂಬುದು ವ್ಯಕ್ತಿಯ ಆಹಾರದಲ್ಲಿರುವ ಫೋಲೇಟ್ ಹಾಗೂ ಮದ್ಯಪಾನದ ಪ್ರಮಾಣವನ್ನು ಅವಲಂಬಿಸಿದೆ. ಆದ್ದರಿಂದ ವಂಶವಾಹಿ ಮತ್ತು ಆಹಾರ ಒಂದರ ಮೇಲೊಂದು ಪ್ರಭಾವ ಬೀರುವುದಕ್ಕೆ ಇದನ್ನು ಪ್ರಸಿದ್ಧ ಉದಾಹರಣೆಯಾಗಿ ಪರಿಗಣಿಸಲಾಗುತ್ತದೆ.

ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 19 ಲಕ್ಷ ಜನರಲ್ಲಿ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ಪತ್ತೆಯಾಗುತ್ತದೆ ಮತ್ತು ಸುಮಾರು 9 ಲಕ್ಷ ಜನರು ಇದರಿಂದ ಸಾಯುತ್ತಾರೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಇದರ ಪ್ರಮಾಣ ಕಡಿಮೆ. ಆದರೆ ಇಲ್ಲಿ ಅನೇಕ ರೋಗಿಗಳು ಕಾಯಿಲೆ ಮುಂದುವರಿದ ಹಂತದಲ್ಲಿ ಆಸ್ಪತ್ರೆಗೆ ಬರುತ್ತಾರೆ.

## ಫೋಲೇಟ್‌ನ ಕಾರ್ಯ

ಫೋಲೇಟ್ ನೀರಿನಲ್ಲಿ ಕರಗುವ ಜೀವಸತ್ವ. ಹಸಿರು ಸೊಪ್ಪು, ದ್ವಿದಳ ಧಾನ್ಯ, ಶೇಂಗಾ, ಮೊಟ್ಟೆ ಮತ್ತು ಯಕೃತ್ತಿನಲ್ಲಿ ಇದು ಹೇರಳವಾಗಿದೆ. ಮಾತ್ರೆಗಳಲ್ಲಿ ಮತ್ತು ಸಾರವರ್ಧಿತ ಆಹಾರದಲ್ಲಿ ಬಳಸುವ ಕೃತಕ ರೂಪಕ್ಕೆ ಫೋಲಿಕ್ ಆಮ್ಲ ಎಂದು ಹೆಸರು.

ದೇಹದಲ್ಲಿ ಫೋಲೇಟ್ ಒಂದು ಇಂಗಾಲದ ಪರಮಾಣುವಿರುವ ಗುಂಪುಗಳನ್ನು ಒಂದು ಅಣುವಿನಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಈ ಸಾಗಾಟದಿಂದ ಎರಡು ಮುಖ್ಯ ಕೆಲಸಗಳು ನಡೆಯುತ್ತವೆ.

* ಡಿಎನ್‌ಎ ತಯಾರಿಕೆ: ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಥೈಮಿನ್ ತಯಾರಾಗಲು ಮೀಥಿಲೀನ್ ಟೆಟ್ರಾಹೈಡ್ರೋಫೋಲೇಟ್ ಎಂಬ ರೂಪ ಬೇಕು. ಇದು ಕಡಿಮೆಯಾದಾಗ ಥೈಮಿನ್ ಇರಬೇಕಾದ ಕಡೆ ಯುರಾಸಿಲ್ ಸೇರಿಕೊಳ್ಳುತ್ತದೆ. ಅದನ್ನು ತೆಗೆದು ಸರಿಪಡಿಸುವಾಗ ಡಿಎನ್‌ಎ ಎಳೆ ಮತ್ತೆ ಮತ್ತೆ ಕತ್ತರಿಸಲ್ಪಟ್ಟು ವರ್ಣತಂತುಗಳು ಒಡೆಯುವ ಸಂಭವವಿದೆ.
* ಮೀಥೈಲೀಕರಣ: ಮೀಥೈಲ್ ಟೆಟ್ರಾಹೈಡ್ರೋಫೋಲೇಟ್ ಎಂಬ ಇನ್ನೊಂದು ರೂಪವು ಜೀವಸತ್ವ ಬಿ12ರ ನೆರವಿನಿಂದ ಹೋಮೋಸಿಸ್ಟೀನ್ ಅನ್ನು ಮೆಥಿಯೋನಿನ್ ಆಗಿ ಮಾರ್ಪಡಿಸುತ್ತದೆ. ಮೆಥಿಯೋನಿನ್‌ನಿಂದ ದೊರೆಯುವ ಮೀಥೈಲ್ ಗುಂಪುಗಳು ಡಿಎನ್‌ಎಗೆ ಅಂಟಿಕೊಂಡು, ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನಿಯಂತ್ರಿಸುತ್ತವೆ.

ಮೊದಲ ರೂಪವನ್ನು ಎರಡನೆಯದಾಗಿ ಪರಿವರ್ತಿಸುವ ಕಿಣ್ವವೇ ಎಂಟಿಎಚ್‌ಎಫ್‌ಆರ್, ಅಂದರೆ ಮೀಥಿಲೀನ್ ಟೆಟ್ರಾಹೈಡ್ರೋಫೋಲೇಟ್ ರಿಡಕ್ಟೇಸ್. ಈ ಪರಿವರ್ತನೆ ಹಿಮ್ಮುಖವಾಗಿ ನಡೆಯುವುದಿಲ್ಲ. ಎರಡು ಹೊಲಗಳಿಗೆ ನೀರು ಹಂಚುವ ಕಾಲುವೆಯ ತೂಬಿಗೆ ಇದನ್ನು ಹೋಲಿಸಬಹುದು. ತೂಬು ಅರ್ಧ ಮುಚ್ಚಿದ್ದರೆ ಮೀಥೈಲೀಕರಣದ ಕಡೆಗೆ ಹರಿವು ತಗ್ಗುತ್ತದೆ, ಡಿಎನ್‌ಎ ತಯಾರಿಕೆಯ ಕಡೆಗೆ ಹೆಚ್ಚು ಉಳಿಯುತ್ತದೆ. ಆದರೆ ಕಾಲುವೆಯಲ್ಲಿ ನೀರೇ ಇಲ್ಲದಿದ್ದರೆ ಎರಡೂ ಹೊಲಗಳು ಒಣಗುತ್ತವೆ.

ದೊಡ್ಡಕರುಳಿನ ಒಳಪದರದ ಕೋಶಗಳು ಕೆಲವೇ ದಿನಗಳಲ್ಲಿ ಸವೆದು ಹೊಸದಾಗುತ್ತವೆ. ನಿರಂತರವಾಗಿ ಡಿಎನ್‌ಎ ನಕಲು ನಡೆಯುವ ಇಂತಹ ಅಂಗಾಂಶದಲ್ಲಿ ಫೋಲೇಟ್ ಕೊರತೆಯ ಪರಿಣಾಮ ಹೆಚ್ಚಾಗಿ ಕಾಣುತ್ತದೆ.

## ಇತಿಹಾಸ

ಫೋಲೇಟ್‌ನ ಶೋಧದಲ್ಲಿ ಭಾರತಕ್ಕೆ ವಿಶೇಷ ಸ್ಥಾನವಿದೆ. ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಯೀಸ್ಟ್ ಸಾರದಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಅಜ್ಞಾತ ವಸ್ತು ಕೆಲಕಾಲ 'ವಿಲ್ಸ್ ಅಂಶ' ಎಂದೇ ಕರೆಯಲ್ಪಟ್ಟಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಈ ಜೀವಸತ್ವವನ್ನು ಬೇರ್ಪಡಿಸಿದಾಗ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡವು 1945ರಲ್ಲಿ ಫೋಲಿಕ್ ಆಮ್ಲದ ಸಂಶ್ಲೇಷಣೆಯನ್ನು ಪ್ರಕಟಿಸಿತು.

ಫೋಲೇಟ್ ಮತ್ತು ಕ್ಯಾನ್ಸರ್ ನಡುವಿನ ಸಂಬಂಧವೂ ಇಲ್ಲಿಂದಲೇ ಬೆಳೆಯಿತು. ಸುಬ್ಬರಾವ್ ಅವರ ತಂಡ ತಯಾರಿಸಿದ ಫೋಲೇಟ್ ವಿರೋಧಿ ಅಮಿನಾಪ್ಟೆರಿನ್ ಅನ್ನು ಬೋಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರ್ ಪೀಡಿತ ಮಕ್ಕಳಿಗೆ ನೀಡಿ, ತಾತ್ಕಾಲಿಕ ಉಪಶಮನ ಸಾಧ್ಯವೆಂದು 1948ರಲ್ಲಿ ವರದಿ ಮಾಡಿದರು. ಫೋಲೇಟ್ ಆರೋಗ್ಯವಂತ ಕೋಶಕ್ಕೆ ಎಷ್ಟು ಅಗತ್ಯವೋ, ಬೆಳೆಯುತ್ತಿರುವ ಕ್ಯಾನ್ಸರ್ ಕೋಶಕ್ಕೂ ಅಷ್ಟೇ ಅಗತ್ಯ ಎಂಬುದು ಇದರಿಂದ ಸ್ಪಷ್ಟವಾಯಿತು.

ಶಾಖಕ್ಕೆ ಬೇಗ ನಿಷ್ಕ್ರಿಯವಾಗುವ ಎಂಟಿಎಚ್‌ಎಫ್‌ಆರ್ ಕಿಣ್ವ ಕೆಲವರಲ್ಲಿ ಇರುವುದನ್ನು 1988ರಲ್ಲಿ ಗುರುತಿಸಲಾಗಿತ್ತು. ಅದಕ್ಕೆ ಕಾರಣವಾದ 677ನೆಯ ಸ್ಥಾನದ ಬದಲಾವಣೆಯನ್ನು ಕೆನಡಾದ ಮಾಂಟ್ರಿಯಲ್‌ನ ರೀಮಾ ರೋಜನ್ ಅವರ ತಂಡ 1995ರಲ್ಲಿ ಪತ್ತೆ ಮಾಡಿತು.

## ಮುಖ್ಯ ಆನುವಂಶಿಕ ಭೇದಗಳು

### ಎಂಟಿಎಚ್‌ಎಫ್‌ಆರ್ 677

ಈ ವಂಶವಾಹಿ 1ನೆಯ ವರ್ಣತಂತುವಿನಲ್ಲಿದೆ. ಇದರ 677ನೆಯ ಸ್ಥಾನದಲ್ಲಿ ಸಾಮಾನ್ಯವಾಗಿ ಸೈಟೋಸಿನ್ (ಸಿ) ಇರುತ್ತದೆ. ಕೆಲವರಲ್ಲಿ ಅಲ್ಲಿ ಥೈಮಿನ್ (ಟಿ) ಇರುತ್ತದೆ. ಇದರಿಂದ ಕಿಣ್ವದ 222ನೆಯ ಅಮೈನೋ ಆಮ್ಲವು ಅಲನಿನ್‌ಗೆ ಬದಲಾಗಿ ವ್ಯಾಲಿನ್ ಆಗುತ್ತದೆ. ತಂದೆ ಮತ್ತು ತಾಯಿ ಇಬ್ಬರಿಂದಲೂ ಒಂದೊಂದು ಪ್ರತಿ ಬರುವುದರಿಂದ ಮೂರು ಬಗೆಯ ಜನರಿರುತ್ತಾರೆ: ಸಿಸಿ, ಸಿಟಿ ಮತ್ತು ಟಿಟಿ. ಪ್ರಯೋಗಾಲಯದ ಅಳತೆಯಲ್ಲಿ, ಸಿಸಿ ಬಗೆಗೆ ಹೋಲಿಸಿದಾಗ ಸಿಟಿ ಬಗೆಯವರ ಕಿಣ್ವದ ಚಟುವಟಿಕೆ ಶೇಕಡ 65ರಷ್ಟು, ಟಿಟಿ ಬಗೆಯವರಲ್ಲಿ ಶೇಕಡ 30ರಷ್ಟು ಇರುತ್ತದೆ.

ಟಿಟಿ ಬಗೆಯ ಕಿಣ್ವವು ಜೀವಸತ್ವ ಬಿ2ರಿಂದ (ರೈಬೋಫ್ಲೇವಿನ್) ತಯಾರಾಗುವ ತನ್ನ ಸಹಾಯಕ ಅಣುವನ್ನು ಸುಲಭವಾಗಿ ಕಳೆದುಕೊಳ್ಳುತ್ತದೆ. ಫೋಲೇಟ್ ಸಾಕಷ್ಟಿದ್ದರೆ ಕಿಣ್ವವು ಸ್ಥಿರವಾಗಿ ಉಳಿಯುತ್ತದೆ. ಹಾಗಾಗಿ ಈ ಭೇದದ ಕೆಡುಕನ್ನು ಉತ್ತಮ ಆಹಾರವು ಬಹುಮಟ್ಟಿಗೆ ಸರಿದೂಗಿಸಬಲ್ಲದು.

### ಎಂಟಿಎಚ್‌ಎಫ್‌ಆರ್ 1298

ಇದೇ ವಂಶವಾಹಿಯ 1298ನೆಯ ಸ್ಥಾನದಲ್ಲಿ ಅಡೆನಿನ್ (ಎ) ಬದಲು ಸೈಟೋಸಿನ್ ಬಂದರೆ 429ನೆಯ ಅಮೈನೋ ಆಮ್ಲವು ಗ್ಲುಟಮೇಟ್‌ನಿಂದ ಅಲನಿನ್‌ಗೆ ಬದಲಾಗುತ್ತದೆ. ಇದರ ಪರಿಣಾಮ 677ರ ಭೇದಕ್ಕಿಂತ ಸೌಮ್ಯ.

### ಇತರ ವಂಶವಾಹಿಗಳು

* ಎಂಟಿಆರ್ 2756 ಮತ್ತು ಎಂಟಿಆರ್‌ಆರ್ 66: ಹೋಮೋಸಿಸ್ಟೀನ್ ಅನ್ನು ಮೆಥಿಯೋನಿನ್ ಆಗಿಸುವ, ಬಿ12 ಅವಲಂಬಿತ ಹಂತಕ್ಕೆ ಸಂಬಂಧಿಸಿವೆ.
* ಟಿವೈಎಂಎಸ್: ಥೈಮಿಡಿಲೇಟ್ ಸಿಂಥೇಸ್ ಕಿಣ್ವದ ವಂಶವಾಹಿ. ಇದರ ಆರಂಭದಲ್ಲಿರುವ 28 ಅಕ್ಷರಗಳ ತುಣುಕು ಕೆಲವರಲ್ಲಿ ಎರಡು ಬಾರಿ, ಕೆಲವರಲ್ಲಿ ಮೂರು ಬಾರಿ ಪುನರಾವರ್ತನೆಯಾಗುತ್ತದೆ.
* ಡಿಎಚ್‌ಎಫ್‌ಆರ್: ಫೋಲಿಕ್ ಆಮ್ಲವನ್ನು ಬಳಕೆಯೋಗ್ಯ ರೂಪಕ್ಕೆ ತರುವ ಕಿಣ್ವದ ವಂಶವಾಹಿ. ಇದರಲ್ಲಿ 19 ಅಕ್ಷರಗಳ ಲೋಪ ಕಂಡುಬರುತ್ತದೆ.
* ಎಸ್‌ಎಲ್‌ಸಿ19ಎ1: ಫೋಲೇಟ್ ಅನ್ನು ಕೋಶದೊಳಗೆ ಒಯ್ಯುವ ವಾಹಕದ ವಂಶವಾಹಿ.

ಕರುಳಿನ ಕ್ಯಾನ್ಸರಿನೊಂದಿಗೆ ಇವುಗಳ ಸಂಬಂಧದ ಕುರಿತ ಫಲಿತಾಂಶಗಳು ಏಕರೂಪವಾಗಿಲ್ಲ.

## ಕ್ಯಾನ್ಸರ್ ಅಪಾಯದೊಂದಿಗಿನ ಸಂಬಂಧ

1996 ಮತ್ತು 1997ರಲ್ಲಿ ಅಮೆರಿಕದ ಆರೋಗ್ಯ ವೃತ್ತಿಪರರು ಹಾಗೂ ವೈದ್ಯರ ಎರಡು ದೊಡ್ಡ ಸಮೂಹಗಳ ಅಧ್ಯಯನಗಳು ಪ್ರಕಟವಾದವು. ದುರ್ಬಲ ಕಿಣ್ವವಿರುವ ಟಿಟಿ ಬಗೆಯವರಲ್ಲಿ ಕರುಳಿನ ಕ್ಯಾನ್ಸರ್ ಹೆಚ್ಚಾಗದೆ, ಸರಿಸುಮಾರು ಅರ್ಧದಷ್ಟು ಕಡಿಮೆ ಕಂಡುಬಂದಿತು. ಆದರೆ ಈ ರಕ್ಷಣೆ ಫೋಲೇಟ್ ಸಾಕಷ್ಟಿದ್ದವರಿಗೆ ಮಾತ್ರ ಸೀಮಿತವಾಗಿತ್ತು. ರಕ್ತದಲ್ಲಿ ಫೋಲೇಟ್ ಕಡಿಮೆ ಇದ್ದವರಲ್ಲಿ ಅಥವಾ ಹೆಚ್ಚು ಮದ್ಯ ಸೇವಿಸುವವರಲ್ಲಿ ಅದು ಇಲ್ಲವಾಗುತ್ತಿತ್ತು.

ಇದಕ್ಕೆ ನೀಡುವ ವಿವರಣೆ ತೂಬಿನ ಹೋಲಿಕೆಗೆ ಹೊಂದುತ್ತದೆ. ಫೋಲೇಟ್ ಸಮೃದ್ಧವಾಗಿದ್ದಾಗ ಟಿಟಿ ಬಗೆಯವರಲ್ಲಿ ಡಿಎನ್‌ಎ ತಯಾರಿಕೆಗೆ ಹೆಚ್ಚು ಸರಕು ದೊರೆತು, ಯುರಾಸಿಲ್ ತಪ್ಪಾಗಿ ಸೇರುವುದು ತಗ್ಗುತ್ತದೆ. ಕೊರತೆ ಇದ್ದಾಗ ಡಿಎನ್‌ಎ ತಯಾರಿಕೆ ಮತ್ತು ಮೀಥೈಲೀಕರಣ ಎರಡೂ ಕುಂಠಿತವಾಗುತ್ತವೆ. ಮದ್ಯವು ಫೋಲೇಟ್‌ನ ಹೀರಿಕೆ ಮತ್ತು ಬಳಕೆ ಎರಡಕ್ಕೂ ಅಡ್ಡಿಯಾಗುವುದರಿಂದ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಅನಂತರ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಗಳಲ್ಲಿ ರಕ್ಷಣೆಯ ಪ್ರಮಾಣ ಇನ್ನೂ ಚಿಕ್ಕದಾಯಿತು. ಟಿಟಿ ಬಗೆಯವರ ಅಪಾಯ ಸಿಸಿ ಬಗೆಯವರಿಗಿಂತ ಶೇಕಡ 10ರಿಂದ 20ರಷ್ಟು ಕಡಿಮೆ ಎಂಬುದು ಅವುಗಳ ಸಾಮಾನ್ಯ ಫಲಿತಾಂಶ. ಒಬ್ಬ ವ್ಯಕ್ತಿಯ ಮಟ್ಟದಲ್ಲಿ ವಯಸ್ಸು, ಕುಟುಂಬದ ಇತಿಹಾಸ, ತಂಬಾಕು, ಮದ್ಯ ಮತ್ತು ಬೊಜ್ಜು ಇದಕ್ಕಿಂತ ಹೆಚ್ಚಿನ ತೂಕ ಹೊಂದಿವೆ.

ಈ ಭೇದಗಳನ್ನು ಲಿಂಚ್ ಸಿಂಡ್ರೋಮ್‌ನಂತಹ ಕೌಟುಂಬಿಕ ಕ್ಯಾನ್ಸರ್ ಸ್ಥಿತಿಗಳೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡ 3ರಷ್ಟಕ್ಕೆ ಕಾರಣವಾಗುವ ಲಿಂಚ್ ಸಿಂಡ್ರೋಮ್‌ನಲ್ಲಿ ಒಂದೇ ವಂಶವಾಹಿಯ ದೋಷವು ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ.

## ಫೋಲಿಕ್ ಆಮ್ಲದ ಎರಡು ಮುಖಗಳು

ಆಹಾರದ ಫೋಲೇಟ್ ರಕ್ಷಣೆ ನೀಡುವುದಾದರೆ ಮಾತ್ರೆಯೂ ನೀಡಬೇಕಲ್ಲವೇ ಎಂಬ ಪ್ರಶ್ನೆಗೆ ದೊರೆತ ಉತ್ತರ ನಿರೀಕ್ಷೆಗೆ ವಿರುದ್ಧವಾಗಿತ್ತು. ಹಿಂದೆ ಕರುಳಿನ ಗಂಟುಗಳನ್ನು (ಪಾಲಿಪ್) ತೆಗೆಸಿಕೊಂಡಿದ್ದ 1,021 ಜನರ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ದಿನಕ್ಕೆ 1 ಮಿಲಿಗ್ರಾಂ ಫೋಲಿಕ್ ಆಮ್ಲ ಪಡೆದವರಲ್ಲಿ ಹೊಸ ಗಂಟುಗಳು ಕಡಿಮೆಯಾಗಲಿಲ್ಲ. ಮುಂದಿನ ಹಂತದ ಪರೀಕ್ಷೆಯಲ್ಲಿ ಮೂರು ಅಥವಾ ಹೆಚ್ಚು ಗಂಟುಗಳಿದ್ದವರು ಮಾತ್ರೆ ಪಡೆದ ಗುಂಪಿನಲ್ಲೇ ಹೆಚ್ಚಾಗಿದ್ದರು. 2013ರಲ್ಲಿ 13 ಪ್ರಯೋಗಗಳ ಸುಮಾರು 50,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಮೊದಲ ಐದು ವರ್ಷಗಳಲ್ಲಿ ಫೋಲಿಕ್ ಆಮ್ಲದಿಂದ ಕ್ಯಾನ್ಸರ್ ಗಮನಾರ್ಹವಾಗಿ ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ ಎಂದು ತಿಳಿದುಬಂದಿತು.

ಇದನ್ನು ಸಮಯದ ಪ್ರಶ್ನೆಯಾಗಿ ವಿವರಿಸಲಾಗುತ್ತದೆ. ಕ್ಯಾನ್ಸರ್ ಆರಂಭವಾಗುವ ಮುನ್ನ ಸಾಕಷ್ಟು ಫೋಲೇಟ್ ಇದ್ದರೆ ಡಿಎನ್‌ಎ ಸುರಕ್ಷಿತವಾಗಿರುತ್ತದೆ. ಆದರೆ ಕರುಳಿನಲ್ಲಿ ಈಗಾಗಲೇ ಗಂಟುಗಳಿದ್ದರೆ ಹೆಚ್ಚುವರಿ ಫೋಲಿಕ್ ಆಮ್ಲವು ಅವುಗಳ ಬೆಳವಣಿಗೆಗೂ ಆಹಾರವಾಗಬಹುದು. ಆದ್ದರಿಂದ ಕರುಳಿನ ಕ್ಯಾನ್ಸರ್ ತಡೆಗಟ್ಟುವ ಉದ್ದೇಶದಿಂದ ಫೋಲಿಕ್ ಆಮ್ಲದ ಮಾತ್ರೆ ಸೇವಿಸುವಂತೆ ಸಲಹೆ ನೀಡುವುದಿಲ್ಲ.

ಗರ್ಭಿಣಿಯರ ವಿಷಯ ಬೇರೆ. ಗರ್ಭಧಾರಣೆಗೆ ಮುನ್ನ ಮತ್ತು ಆರಂಭದ ವಾರಗಳಲ್ಲಿ ಫೋಲಿಕ್ ಆಮ್ಲ ಸೇವಿಸುವುದರಿಂದ ಮಗುವಿನ ಬೆನ್ನುಹುರಿ ಮತ್ತು ಮೆದುಳಿನ ಹುಟ್ಟುದೋಷಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಈ ಪ್ರಯೋಜನ ಸಂದೇಹಾತೀತವಾಗಿದೆ. ಕ್ಯಾನ್ಸರಿನ ಭಯದಿಂದ ಗರ್ಭಿಣಿಯರು ಮಾತ್ರೆ ನಿಲ್ಲಿಸಬಾರದು.

## ಭಾರತದಲ್ಲಿ

677 ಟಿ ರೂಪವು ಇಟಲಿ, ಮೆಕ್ಸಿಕೊ ಮತ್ತು ಉತ್ತರ ಚೀನಾದ ಜನರಲ್ಲಿ ಹೆಚ್ಚು, ಆಫ್ರಿಕಾದ ಜನರಲ್ಲಿ ಕಡಿಮೆ. ಭಾರತೀಯರಲ್ಲಿಯೂ ಇದು ಸಾಮಾನ್ಯವಾಗಿ ಕಡಿಮೆಯೇ. 1298 ಸಿ ರೂಪ ಮಾತ್ರ ಹೆಚ್ಚು. ಉದಾಹರಣೆಗೆ, ಒಂದು ಸಮುದಾಯದಲ್ಲಿ ಟಿ ರೂಪದ ಪಾಲು ಶೇಕಡ 15 ಎಂದು ಭಾವಿಸಿದರೆ, ಎರಡೂ ಪ್ರತಿಗಳು ಟಿ ಆಗಿರುವವರ ನಿರೀಕ್ಷಿತ ಪ್ರಮಾಣ ಶೇಕಡ 2.25 ಮಾತ್ರ. ಅಂದರೆ 300 ಜನರಲ್ಲಿ ಆರೇಳು ಮಂದಿ. ಇಷ್ಟು ಕಡಿಮೆ ಸಂಖ್ಯೆಯಿಂದ ಖಚಿತ ತೀರ್ಮಾನಕ್ಕೆ ಬರುವುದು ಕಷ್ಟ. ಸಣ್ಣ ಅಧ್ಯಯನಗಳು ಪರಸ್ಪರ ವಿರುದ್ಧ ಫಲಿತಾಂಶ ನೀಡಲು ಇದೊಂದು ಕಾರಣ.

ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಪ್ರಚಲಿತವಿರುವ ರಕ್ತಸಂಬಂಧದ ವಿವಾಹಗಳು ಈ ಲೆಕ್ಕವನ್ನು ಬದಲಿಸುತ್ತವೆ. ಮೇಲಿನ ಉದಾಹರಣೆಯಲ್ಲೇ, ಸೋದರಮಾವ ಮತ್ತು ಸೋದರ ಸೊಸೆಯ ವಿವಾಹದಿಂದ ಹುಟ್ಟಿದ ಮಕ್ಕಳಲ್ಲಿ ಟಿಟಿ ಬಗೆಯವರ ನಿರೀಕ್ಷಿತ ಪ್ರಮಾಣ ಶೇಕಡ 3.8ಕ್ಕೆ, ಸೋದರತ್ತೆ ಅಥವಾ ಸೋದರಮಾವನ ಮಕ್ಕಳೊಂದಿಗಿನ ವಿವಾಹದಲ್ಲಿ ಸುಮಾರು ಶೇಕಡ 3ಕ್ಕೆ ಏರುತ್ತದೆ.

ಭಾರತದ ಇನ್ನೊಂದು ವಿಶೇಷವೆಂದರೆ ಜೀವಸತ್ವ ಬಿ12ರ ವ್ಯಾಪಕ ಕೊರತೆ. ಸಸ್ಯಮೂಲದ ಆಹಾರದಲ್ಲಿ ಬಿ12 ಇರುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಮುಖ್ಯ ಮೂಲ. ಬಿ12 ಇಲ್ಲದಿದ್ದರೆ ಮೀಥೈಲ್ ರೂಪದ ಫೋಲೇಟ್ ಮುಂದಕ್ಕೂ ಸಾಗದೆ, ಹಿಂದಕ್ಕೂ ಮರಳದೆ ಸಿಕ್ಕಿಬೀಳುತ್ತದೆ. ಇದನ್ನು 'ಮೀಥೈಲ್ ಬಲೆ' ಎನ್ನುತ್ತಾರೆ. ಆಗ ಊಟದಲ್ಲಿ ಫೋಲೇಟ್ ಇದ್ದರೂ ಕೋಶಕ್ಕೆ ಅದರ ಕೊರತೆಯೇ. ಬಿ12 ಕೊರತೆ ಇರುವವರಿಗೆ ಫೋಲಿಕ್ ಆಮ್ಲ ಒಂದನ್ನೇ ನೀಡಿದರೆ ರಕ್ತಹೀನತೆ ಮರೆಯಾಗಿ, ನರಗಳ ಹಾನಿ ಮುಂದುವರಿಯುವ ಅಪಾಯವಿದೆ.

## ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಪ್ರದೇಶದ ಆಹಾರ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯು ಮೆಕ್ಕೆಜೋಳ, ಹತ್ತಿ, ಜೋಳ ಮತ್ತು ಮೆಣಸಿನಕಾಯಿಗೆ ಹೆಸರಾಗಿದೆ. ರಾಣೆಬೆನ್ನೂರು ಬಿತ್ತನೆ ಬೀಜಗಳ ವ್ಯಾಪಾರಕ್ಕೆ, ಬ್ಯಾಡಗಿ ಕಡುಗೆಂಪು ಬಣ್ಣದ ಕಡಿಮೆ ಖಾರದ ಮೆಣಸಿನಕಾಯಿಗೆ ಪ್ರಸಿದ್ಧ. ಒಣಮೆಣಸಿನಕಾಯಿಯನ್ನು ಬಳಸುವ ಪ್ರಮಾಣ ಕಡಿಮೆ ಇರುವುದರಿಂದ ಅದು ಫೋಲೇಟ್‌ನ ಮುಖ್ಯ ಮೂಲವಲ್ಲ.

ಈ ಭಾಗದ ಸಾಂಪ್ರದಾಯಿಕ ಊಟವಾದ ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು ಮತ್ತು ಮೊಸರು ಫೋಲೇಟ್ ದೃಷ್ಟಿಯಿಂದ ಸಮರ್ಪಕವಾದ ಜೋಡಣೆ. 100 ಗ್ರಾಂ ಜೋಳದಲ್ಲಿ ಸುಮಾರು 40 ಮೈಕ್ರೋಗ್ರಾಂ ಫೋಲೇಟ್ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮೈಕ್ರೋಗ್ರಾಂಗಿಂತ ಕಡಿಮೆ. ಇಡೀ ಕಡಲೆ ಮತ್ತು ಅಲಸಂದೆ ಕಾಳುಗಳಲ್ಲಿ 200 ಮೈಕ್ರೋಗ್ರಾಂಗಿಂತ ಹೆಚ್ಚಿದೆ. ಹೆಸರುಕಾಳಿನಲ್ಲಿ ಸುಮಾರು 145. ಬೇಯಿಸಿದಾಗ ಫೋಲೇಟ್‌ನ ಗಣನೀಯ ಭಾಗ ನಾಶವಾಗುತ್ತದೆ, ಇನ್ನಷ್ಟು ಬಸಿದ ನೀರಿನೊಂದಿಗೆ ಹೋಗುತ್ತದೆ. ರೊಟ್ಟಿಯೊಂದಿಗೆ ಮೆಂತ್ಯ, ಹಕ್ಕರಿಕೆ, ಈರುಳ್ಳಿ ಸೊಪ್ಪುಗಳನ್ನು ಹಸಿಯಾಗಿಯೇ ತಿನ್ನುವ ಉತ್ತರ ಕರ್ನಾಟಕದ ರೂಢಿಯಿಂದ ಈ ನಷ್ಟ ತಪ್ಪುತ್ತದೆ. ಕಾಳು ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವುದೂ ಇದೇ ರೀತಿ ಉಪಯುಕ್ತ. ಹಸಿಯಾಗಿ ತಿನ್ನುವ ಸೊಪ್ಪನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು.

ರೊಟ್ಟಿಯ ಜಾಗವನ್ನು ಬಿಳಿ ಅನ್ನ, ಕಾಳುಪಲ್ಯದ ಜಾಗವನ್ನು ತೆಳು ಸಾರು ಆಕ್ರಮಿಸಿದಲ್ಲಿ ಫೋಲೇಟ್ ಮತ್ತು ನಾರಿನಂಶ ಎರಡೂ ಕಡಿಮೆಯಾಗುತ್ತವೆ. ಸರ್ಕಾರಿ ಯೋಜನೆಗಳ ಸಾರವರ್ಧಿತ ಅಕ್ಕಿಯಲ್ಲಿ ಕಿಲೋಗೆ 75ರಿಂದ 125 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇರಿರಬೇಕೆಂಬ ನಿಯಮವಿದೆ. ದಿನಕ್ಕೆ 300 ಗ್ರಾಂ ಅಕ್ಕಿ ಉಂಡರೆ ಅದರಿಂದ ಹೆಚ್ಚುವರಿಯಾಗಿ ದೊರೆಯುವುದು ಸುಮಾರು 30 ಮೈಕ್ರೋಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಶಿಫಾರಸು ಮಾಡಿದ ದಿನದ ಪ್ರಮಾಣ ಪುರುಷರಿಗೆ 300, ಮಹಿಳೆಯರಿಗೆ 220, ಗರ್ಭಿಣಿಯರಿಗೆ 570 ಮೈಕ್ರೋಗ್ರಾಂ. ಹಾಗಾಗಿ ಸಾರವರ್ಧಿತ ಅಕ್ಕಿಯು ಸೊಪ್ಪು ಮತ್ತು ಕಾಳುಗಳಿಗೆ ಪರ್ಯಾಯವಾಗಲಾರದು.

## ಚಿಕಿತ್ಸೆಯಲ್ಲಿ ಪಾತ್ರ

ಕರುಳಿನ ಕ್ಯಾನ್ಸರ್ ಚಿಕಿತ್ಸೆಯ ಮುಖ್ಯ ಔಷಧವಾದ 5-ಫ್ಲೋರೋಯುರಾಸಿಲ್ ಅನ್ನು 1957ರಲ್ಲಿ ಪರಿಚಯಿಸಲಾಯಿತು. ಇದು ಥೈಮಿಡಿಲೇಟ್ ಸಿಂಥೇಸ್ ಕಿಣ್ವವನ್ನು ತಡೆದು ಕ್ಯಾನ್ಸರ್ ಕೋಶಕ್ಕೆ ಥೈಮಿನ್ ದೊರೆಯದಂತೆ ಮಾಡುತ್ತದೆ. ಫೋಲೇಟ್‌ನದೇ ಒಂದು ರೂಪವಾದ ಲ್ಯೂಕೋವೊರಿನ್ ಅನ್ನು ಜೊತೆಗೆ ನೀಡಿದರೆ ಔಷಧವು ಕಿಣ್ವಕ್ಕೆ ಇನ್ನಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಇದೇ ಕಾರಣಕ್ಕೆ, ಚಿಕಿತ್ಸೆಯಲ್ಲಿರುವವರು ವೈದ್ಯರಿಗೆ ತಿಳಿಸದೆ ಫೋಲಿಕ್ ಆಮ್ಲದ ಮಾತ್ರೆ ಸೇವಿಸಿದರೆ ಔಷಧದ ಅಡ್ಡಪರಿಣಾಮಗಳು ತೀವ್ರವಾಗಬಹುದು. ಈ ಔಷಧದ ವಿಷತ್ವವನ್ನು ಮುಂಚಿತವಾಗಿ ಊಹಿಸಲು ಡಿಪಿವೈಡಿ ಎಂಬ ಬೇರೊಂದು ವಂಶವಾಹಿಯ ಪರೀಕ್ಷೆ ಉಪಯುಕ್ತ. ಎಂಟಿಎಚ್‌ಎಫ್‌ಆರ್ ಪರೀಕ್ಷೆಯನ್ನು ಇದಕ್ಕಾಗಿ ವಾಡಿಕೆಯಾಗಿ ಬಳಸುವುದಿಲ್ಲ.

## ವಂಶವಾಹಿ ಪರೀಕ್ಷೆಯ ಉಪಯುಕ್ತತೆ

ಖಾಸಗಿ ಪ್ರಯೋಗಾಲಯಗಳು ಎಂಟಿಎಚ್‌ಎಫ್‌ಆರ್ ಪರೀಕ್ಷೆಯನ್ನು ನೇರವಾಗಿ ಜನರಿಗೆ ಮಾರಾಟ ಮಾಡುತ್ತವೆ. ಕರುಳಿನ ಕ್ಯಾನ್ಸರ್ ಅಪಾಯವನ್ನು ತಿಳಿಯಲು ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಟಿಟಿ ಎಂದು ಬಂದವರು ಸುರಕ್ಷಿತರಲ್ಲ, ಸಿಸಿ ಎಂದು ಬಂದವರು ಅಪಾಯದಲ್ಲಿದ್ದಾರೆ ಎಂದೂ ಅಲ್ಲ. ಫಲಿತಾಂಶ ಏನೇ ಇದ್ದರೂ ಸಲಹೆ ಒಂದೇ: ಸೊಪ್ಪು ಮತ್ತು ಕಾಳುಗಳ ಆಹಾರ, ಮದ್ಯ ಮತ್ತು ತಂಬಾಕಿನಿಂದ ದೂರ, ನಿಯಮಿತ ದೈಹಿಕ ಚಟುವಟಿಕೆ. ಟಿಟಿ ಬಗೆಯವರ ದೇಹವು ಸಾಮಾನ್ಯ ಫೋಲಿಕ್ ಆಮ್ಲವನ್ನು ಬಳಸಲಾರದು ಎಂಬ ಪ್ರಚಾರವೂ ಸರಿಯಲ್ಲ. ಅವರು ಅದನ್ನು ಬಳಸಬಲ್ಲರು.

## ಲಕ್ಷಣಗಳು ಮತ್ತು ಪತ್ತೆ

ಮಲದಲ್ಲಿ ರಕ್ತ, ಹಲವು ವಾರ ಮುಂದುವರಿಯುವ ಮಲಬದ್ಧತೆ ಅಥವಾ ಭೇದಿ, ಕಾರಣವಿಲ್ಲದ ತೂಕ ಇಳಿಕೆ, ಹೊಟ್ಟೆನೋವು ಮತ್ತು ಕಬ್ಬಿಣದ ಕೊರತೆಯ ರಕ್ತಹೀನತೆ ಈ ಕ್ಯಾನ್ಸರಿನ ಲಕ್ಷಣಗಳು. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿ ಎಂದು ಭಾವಿಸಿ ತಿಂಗಳುಗಟ್ಟಲೆ ಮನೆಮದ್ದು ಮಾಡುವುದು ರೋಗ ತಡವಾಗಿ ಪತ್ತೆಯಾಗಲು ಮುಖ್ಯ ಕಾರಣಗಳಲ್ಲಿ ಒಂದು. ವಯಸ್ಕ ಪುರುಷರಲ್ಲಿ ಹಾಗೂ ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ, ಮಾತ್ರೆ ನೀಡುವುದರ ಜೊತೆಗೆ ಕರುಳಿನಲ್ಲಿ ರಕ್ತಸ್ರಾವವಿದೆಯೇ ಎಂದೂ ಪರೀಕ್ಷಿಸಬೇಕು.

ಭಾರತದ ರಾಷ್ಟ್ರೀಯ ಕಾರ್ಯಕ್ರಮವು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಒಳಗೊಂಡಿದೆ. ಕರುಳಿನ ಕ್ಯಾನ್ಸರಿಗೆ ಸಾರ್ವತ್ರಿಕ ತಪಾಸಣೆ ಇಲ್ಲ. ಆದ್ದರಿಂದ ಲಕ್ಷಣಗಳ ಅರಿವು ಮತ್ತು ಕುಟುಂಬದ ಇತಿಹಾಸ ಮಹತ್ವದ್ದಾಗಿವೆ. ಮಲದಲ್ಲಿನ ಗುಪ್ತ ರಕ್ತದ ಪರೀಕ್ಷೆ ಮತ್ತು ಕೊಲೊನೋಸ್ಕೋಪಿ ಪತ್ತೆಯ ಮುಖ್ಯ ವಿಧಾನಗಳು. ಕೊಲೊನೋಸ್ಕೋಪಿಯಲ್ಲಿ ಗಂಟುಗಳನ್ನು ಅವು ಕ್ಯಾನ್ಸರ್ ಆಗುವ ಮುನ್ನವೇ ತೆಗೆಯಬಹುದು. ಹಾವೇರಿ ಭಾಗದವರಿಗೆ ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ (ಹಿಂದಿನ ಕರ್ನಾಟಕ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಹಾಗೂ ಅಲ್ಲಿನ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಗಳು ಸಮೀಪದ ದೊಡ್ಡ ಕೇಂದ್ರಗಳು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಕೇಂದ್ರವಾಗಿದೆ.

## ಇವನ್ನೂ ನೋಡಿ

* ಫೋಲಿಕ್ ಆಮ್ಲ
* ಜೀವಸತ್ವ ಬಿ12
* ಯಲ್ಲಾಪ್ರಗಡ ಸುಬ್ಬರಾವ್
* ದೊಡ್ಡಕರುಳಿನ ಕ್ಯಾನ್ಸರ್
* ಹಾವೇರಿ ಜಿಲ್ಲೆ